ಬೆಂಗಳೂರಲ್ಲೂ ಭೂಕಂಪದ ಲೆಕ್ಕ ಯಾಕೆ?

ಮಹದೇವಪುರದ ಕಡೆ ಯಾವ ರಸ್ತೆಗೆ ಹೋದ್ರೂ ಹೊಸ ಬಿಲ್ಡಿಂಗ್ ಏಳ್ತಾ ಇರುತ್ತೆ. "ಬೆಂಗಳೂರಲ್ಲಿ ಭೂಕಂಪ ಎಲ್ಲಾ ಆಗಲ್ಲ ಬಿಡಿ" ಅನ್ನೋ ಮಾತೂ ಅಷ್ಟೇ ಮಾಮೂಲು. ಐಎಸ್ 1893ರ 2016ರ ನಕ್ಷೆಯಲ್ಲಿ ನಮ್ಮೂರು ಅತಿ ಕಡಿಮೆ ಅಪಾಯದ ವಲಯ 2ರಲ್ಲಿದೆ, ನಿಜ. ಆದ್ರೆ 1993ರಲ್ಲಿ ಸಾವಿರಾರು ಜನ ಸತ್ತ ಲಾತೂರ್ ಜಿಲ್ಲೆಯ ಕಿಲ್ಲಾರಿ ಇನ್ನೂ ಕಡಿಮೆ ಅಪಾಯದ ವಲಯ 1ರಲ್ಲಿತ್ತು! 2002ರ ನಕ್ಷೆಯಲ್ಲಿ ವಲಯ 1 ಅನ್ನೋದನ್ನೇ ತೆಗೆದುಬಿಟ್ಟರು.

ಈಗ ಒಂದು ಸಣ್ಣ ಲೆಕ್ಕ ಮಾಡೋಣ. ಕಾಲೇಜಿಗೆ 4000 ಟನ್ ತೂಕದ, ನಾಲ್ಕು ಮಹಡಿಯ ಸೈನ್ಸ್ ಬ್ಲಾಕ್ ಬೇಕು ಅಂದ್ಕೊಳ್ಳಿ. ಭೂಮಿ ಅಲುಗಿದಾಗ ಅದರ ಬುಡ ತಡೆಯಬೇಕಾದ ಅಡ್ಡ ಬಲಕ್ಕೆ ನಾಲ್ಕು ಅಂಕಿ ಬೇಕು:

1. ವಲಯದ ಅಂಕಿ 0.10. ಅದರ ಅರ್ಧ 0.05.
2. ಮಹತ್ವದ ಅಂಕಿ. ಶಾಲೆ, ಆಸ್ಪತ್ರೆಯಂಥ ಕಟ್ಟಡಕ್ಕೆ 1.5.
3. ಕಟ್ಟಡ ತೂಗಾಡುವ ರೀತಿಯ ಅಂಕಿ. ಕಡಿಮೆ ಎತ್ತರದ್ದಕ್ಕೆ 2.5.
4. ಫ್ರೇಮ್ ಎಷ್ಟು ಬಾಗಿ ತಾಳಿಕೊಳ್ಳುತ್ತೆ ಅನ್ನೋ ಅಂಕಿ. ಡಕ್ಟೈಲ್ ಫ್ರೇಮಿಗೆ 5, ಸಾಧಾರಣ ಫ್ರೇಮಿಗೆ 3.

ಮೊದಲ ಮೂರನ್ನು ಗುಣಿಸಿ ನಾಲ್ಕನೆಯದರಿಂದ ಭಾಗಿಸಿ. ಡಕ್ಟೈಲ್ ಫ್ರೇಮ್ ಆದ್ರೆ 0.0375, ಅಂದ್ರೆ 150 ಟನ್. ಸಾಧಾರಣ ಫ್ರೇಮ್ ಆದ್ರೆ 0.0625, ಅಂದ್ರೆ 250 ಟನ್.

ಈ 100 ಟನ್ ರಿಯಾಯಿತಿ ಪುಕ್ಕಟೆ ಸಿಗಲ್ಲ. ಫ್ರೇಮ್ ಮುರಿಯದೆ ಬಾಗಬೇಕು, ಅದಕ್ಕೆ ಕಂಬಿ ಕಟ್ಟೋದರಲ್ಲಿ ಶಿಸ್ತು ಬೇಕು. ಐಎಸ್ 13920 ಪ್ರಕಾರ ಕಂಬದ ರಿಂಗಿನ ತುದಿಗಳನ್ನು 135 ಡಿಗ್ರಿ ಬಗ್ಗಿಸಿ ಕಾಂಕ್ರೀಟಿನ ಒಳಕ್ಕೆ ತಳ್ಳಬೇಕು. ಬರೀ 90 ಡಿಗ್ರಿ ಬಗ್ಗಿಸಿದ್ರೆ, ಅಲುಗಾಟಕ್ಕೆ ಹೊರಗಿನ ಕಾಂಕ್ರೀಟ್ ಉದುರಿದಾಗ ರಿಂಗ್ ಬಿಚ್ಚಿಕೊಳ್ಳುತ್ತೆ, ಉದ್ದದ ಕಂಬಿಗಳು ಹೊರಕ್ಕೆ ಬಾಗುತ್ತವೆ.

ಇನ್ನೊಂದು ವಿಷಯ ಪಾರ್ಕಿಂಗ್. ಕೆಳಗೆ ಬರೀ ಕಂಬ, ಮೇಲೆಲ್ಲ ಗೋಡೆ ಇದ್ರೆ ಕೆಳಮಹಡಿಯೇ ಮೊದಲು ಸೋಲುತ್ತೆ. 2001ರ ಭುಜ್ ಭೂಕಂಪದಲ್ಲಿ 200 ಕಿಲೋಮೀಟರಿಗೂ ದೂರದ ಅಹಮದಾಬಾದಿನಲ್ಲಿ ಇಂಥ ಅಪಾರ್ಟ್‌ಮೆಂಟ್‌ಗಳು ಕುಸಿದವು.

ಜಾಗ ಕಡಿಮೆ ಅಂತ ಹಳೇ ಬ್ಲಾಕಿಗೆ ಅಂಟಿಸಿ ಕಟ್ಟೋದೂ ತಪ್ಪು. ಎರಡೂ ಬೇರೆ ಬೇರೆ ಥರ ತೂಗಾಡಿ ಒಂದಕ್ಕೊಂದು ಗುದ್ದುತ್ತವೆ, ಅದಕ್ಕೇ ಮಧ್ಯೆ ಸಂದು ಬಿಡಬೇಕು. ಲ್ಯಾಬಿನ ಗ್ಯಾಸ್ ಸಿಲಿಂಡರಿಗೆ ಚೈನು, ಕೆಮಿಕಲ್ ಬಾಟಲಿಯ ಕಪಾಟಿಗೆ ಗೋಡೆಯ ಬೋಲ್ಟು ಮರೀಬಾರದು.

ಸೈಟ್ ವಿಸಿಟ್‌ಗೆ ಹೋದಾಗ ಕಾಂಕ್ರೀಟ್ ಹಾಕೋ ಮುಂಚೆಯೇ ರಿಂಗಿನ ಕೊಕ್ಕೆ ನೋಡಿ. ಹಾಕಿದ ಮೇಲೆ ಯಾರಿಗೂ ಕಾಣಲ್ಲ.