ಬೆಕ್ಕಿನ ಮರಿಗೆ ಜಂತು, ಚಿಗಟ: ದನದ ಔಷಧಿ ಬಾಟಲಿ ತೆಗೆಯುವ ಮುನ್ನ ಇದನ್ನು ಓದಿ

ಈ ವಾರ ಬೆಳೆ ಬಿಟ್ಟು ಬೆಕ್ಕಿನ ವಿಷಯ. ನಗಬೇಡಿ. ಇಲಿ ಪಾಷಾಣ ಇಡದ ನನ್ನಂಥ ಸಾವಯವ ಕೃಷಿಕನಿಗೆ ಬಿತ್ತನೆ ಬೀಜ, ರಾಗಿ ಚೀಲ ಕಾಯೋದು ಬೆಕ್ಕೇ. ಅದು ಅಟ್ಟದ ಮೇಲೋ ಹುಲ್ಲಿನ ಬಣವೆಯಲ್ಲೋ ನಾಲ್ಕು ಮರಿ ಹಾಕುತ್ತೆ, ಎರಡು ತಿಂಗಳಲ್ಲಿ ಒಂದೋ ಎರಡೋ ಉಳಿಯುತ್ತೆ. "ಬೆಕ್ಕಿನ ಮರಿ ಅಂದ್ರೆ ಹಂಗೇ" ಅಂತ ಸುಮ್ಮನಾಗ್ತೀವಿ. ಹಾಗೆ ಹೋಗುವ ಮರಿಗಳಲ್ಲಿ ಜಂತು ಮತ್ತು ಚಿಗಟದಿಂದ ಸೊರಗಿದವನ್ನು ಉಳಿಸಿಕೊಳ್ಳಬಹುದು. ಆದರೆ ಮನೆಯಲ್ಲಿರೋ ದನದ ಔಷಧಿ, ಬೆಳೆ ಔಷಧಿ ಹಾಕಿದರೆ ನಾವೇ ಕೊಂದ ಹಾಗಾಗುತ್ತೆ.

ಹೊಟ್ಟೆಯೊಳಗೆ ಏನಿರುತ್ತೆ?

ಮೊದಲನೆಯದು ದುಂಡುಹುಳು. ಇದರ ಮರಿಹುಳುಗಳು ತಾಯಿಯ ಹಾಲಿನ ಮೂಲಕವೇ ಮರಿಗೆ ಬರುತ್ತವೆ. ಅಂದರೆ ಮಣ್ಣು ಮುಟ್ಟದ, ಗೂಡು ಬಿಟ್ಟು ಬರದ ಮರಿಗೂ ಜಂತು ಇರಬಹುದು. ಹೊಟ್ಟೆ ಮಡಕೆ ಥರ ಊದಿ, ಬೆನ್ನೆಲುಬು ಕೈಗೆ ಸಿಗುತ್ತಿದ್ದರೆ, ಕೂದಲು ಒರಟಾಗಿದ್ದರೆ ಅನುಮಾನ ಪಡಿ. ಕೆಲವೊಮ್ಮೆ ವಾಂತಿಯಲ್ಲಿ ಬೇಯಿಸಿದ ಶಾವಿಗೆಯಂಥ ಹುಳು ಬೀಳುತ್ತೆ.

ಎರಡನೆಯದು ಕೊಕ್ಕೆಹುಳು. ಕರುಳಿಗೆ ಕಚ್ಚಿಕೊಂಡು ರಕ್ತ ಹೀರುತ್ತೆ. ತೇವದ ಮಣ್ಣಿನಿಂದ ಚರ್ಮದ ಮೂಲಕವೂ ಒಳಗೆ ಹೋಗಬಲ್ಲದು.

ಮೂರನೆಯದು ಲಾಡಿಹುಳು. ಬಾಲದ ಕೆಳಗೆ ಅಕ್ಕಿ ಕಾಳಿನಂಥ ತುಣುಕು ಅಂಟಿಕೊಂಡಿರೋದು ಇದರ ಗುರುತು. ಮರಿ ಮೈ ನೆಕ್ಕುವಾಗ ಚಿಗಟ ನುಂಗಿದರೆ ಲಾಡಿಹುಳು ಬರುತ್ತೆ. ಇಲಿ ತಿಂದರೂ ಇನ್ನೊಂದು ಜಾತಿಯದು ಬರುತ್ತೆ. ಹಾಗಾಗಿ ಚಿಗಟ ಉಳಿಸಿಕೊಂಡು ಬರೀ ಮಾತ್ರೆ ಕೊಟ್ಟರೆ ಲಾಡಿಹುಳು ಮತ್ತೆ ಬರುತ್ತೆ.

ಜಂತುನಾಶಕ ಯಾವಾಗ?

ಮರಿಗೆ 3 ವಾರ ತುಂಬಿದಾಗ ಮೊದಲ ಸಲ. ಆಮೇಲೆ 2 ವಾರಕ್ಕೊಮ್ಮೆ, ಹಾಲು ಬಿಟ್ಟು ಎರಡು ವಾರ ಆಗುವವರೆಗೆ. ನಂತರ 6 ತಿಂಗಳು ತುಂಬುವ ತನಕ ತಿಂಗಳಿಗೊಮ್ಮೆ. ಔಷಧಿ ದೊಡ್ಡ ಹುಳುವನ್ನು ಕೊಲ್ಲುತ್ತೆ, ಆದರೆ ಹಾಲಿನಿಂದ ಹೊಸ ಹುಳು ಬರುತ್ತಲೇ ಇರುತ್ತೆ. ಅದಕ್ಕೇ ಒಂದೇ ಸಲ ಕೊಟ್ಟರೆ ಸಾಲದು. ಮರಿಗೆ ಕೊಡುವ ದಿನವೇ ತಾಯಿಗೂ ಕೊಡಬೇಕು.

ಎಳೆ ಮರಿಗಳಿಗೆ ಸಾಮಾನ್ಯವಾಗಿ ಕೊಡೋದು ಪೈರಾಂಟೆಲ್ ದ್ರವ. ಇದು ದುಂಡುಹುಳು, ಕೊಕ್ಕೆಹುಳುಗಳಿಗೆ. ಲಾಡಿಹುಳುವಿಗೆ ಪ್ರಾಜಿಕ್ವಾಂಟೆಲ್ ಬೇಕು. ಯಾವುದು, ಎಷ್ಟು ಅನ್ನೋದನ್ನು ಪಶುವೈದ್ಯರು ತೂಕ ನೋಡಿ ಹೇಳ್ತಾರೆ. ಹುಟ್ಟಿದಾಗ ಮರಿ ಸುಮಾರು 100 ಗ್ರಾಂ, ಚೆನ್ನಾಗಿ ಬೆಳೆದರೆ ವಾರಕ್ಕೆ ಸುಮಾರು 100 ಗ್ರಾಂ ಹೆಚ್ಚುತ್ತೆ. ಅಂದಾಜು ಮಾಡ್ಬೇಡಿ, ಬೀಜ ತೂಗುವ ಡಿಜಿಟಲ್ ತಕ್ಕಡಿ ಮೇಲೆ ಡಬ್ಬಿ ಇಟ್ಟು ತೂಗಿ, ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ಮುಂದಿನ ಡೋಸ್‌ಗೆ ಅಲಾರಾಂ ಇಡಿ.

ಚಿಗಟ ಮೈಮೇಲೆ ಕಡಿಮೆ, ಜಾಗದಲ್ಲಿ ಹೆಚ್ಚು

ಮರಿಯ ಮೈಯಲ್ಲಿ ರಕ್ತವೇ ಸ್ವಲ್ಪ. ಚಿಗಟ ಜಾಸ್ತಿಯಾದರೆ ರಕ್ತಹೀನತೆಯಿಂದಲೇ ಸಾಯಬಹುದು. ಪರೀಕ್ಷೆ ಸುಲಭ: ಒದ್ದೆ ಬಿಳಿ ಕಾಗದದ ಮೇಲೆ ಮರಿಯನ್ನು ನಿಲ್ಲಿಸಿ ಹೇನಿನ ಬಾಚಣಿಗೆಯಲ್ಲಿ ಬಾಚಿ. ಬಿದ್ದ ಕರಿ ಪುಡಿ ಕೆಂಪು ಕಂದು ಬಣ್ಣ ಬಿಟ್ಟರೆ ಅದು ಚಿಗಟದ ಹಿಕ್ಕೆ, ಅಂದರೆ ಮರಿಯದ್ದೇ ರಕ್ತ.

ಹಣ್ಣುನೊಣದ ಕಥೆ ನಿಮಗೆ ಗೊತ್ತು. ಕೋಶ ಮಣ್ಣಿನಲ್ಲಿರುತ್ತೆ, ಕಾಯಿಗೆ ಮಾತ್ರ ಸಿಂಪಡಿಸಿದರೆ ಪ್ರಯೋಜನವಿಲ್ಲ. ಚಿಗಟವೂ ಹಾಗೇ. ಮೊಟ್ಟೆ ಮೈಯಿಂದ ಉದುರಿ ಗೋಣಿಚೀಲ, ನೆಲದ ಬಿರುಕು ಸೇರುತ್ತೆ. ಕೋಶದೊಳಗೆ ತಿಂಗಳುಗಟ್ಟಲೆ ಕಾಯಬಲ್ಲದು. ಆದ್ದರಿಂದ:

- ಗೋಣಿ ಬದಲು ಹಳೇ ಹತ್ತಿ ಬಟ್ಟೆ ಹಾಸಿ. ವಾರಕ್ಕೊಮ್ಮೆ ಕುದಿಯುವ ನೀರಿನಲ್ಲಿ ನೆನೆಸಿ ಒಗೆದು, ಬಿಸಿಲಿಗೆ ಒಣಗಿಸಿ.
- ಗೂಡಿನ ಸುತ್ತ ಗುಡಿಸಿ, ಕಸ ಸುಟ್ಟುಹಾಕಿ.
- ದಿನಕ್ಕೊಮ್ಮೆ ಬಾಚಿ. ಸಿಕ್ಕ ಚಿಗಟವನ್ನು ಸೋಪು ನೀರಿಗೆ ಹಾಕಿ.
- ತಾಯಿ ಬೆಕ್ಕಿಗೂ, ಜೊತೆಗಿರುವ ನಾಯಿಗೂ ಅವುಗಳದ್ದೇ ಔಷಧಿ ಹಾಕಿಸಿ.

ಚಿಗಟ ತುಂಬಾ ಇದ್ದರೆ ಉಗುರು ಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಲಿಕ್ವಿಡ್ ಒಂದೆರಡು ಹನಿಯಲ್ಲಿ ಕತ್ತಿನಿಂದ ಕೆಳಗೆ ತೊಳೆದು, ತಕ್ಷಣ ಒರೆಸಿ ಬೆಚ್ಚಗಿಡಿ. 4 ವಾರದೊಳಗಿನ ಮರಿಗೆ ಮೈ ಬಿಸಿ ಕಾಯ್ದುಕೊಳ್ಳಲು ಬರಲ್ಲ, ಒದ್ದೆ ಬಿಟ್ಟರೆ ಚಳಿಗೇ ಹೋಗುತ್ತೆ.

ಕಿವಿಯೊಳಗೆ ಕಾಫಿ ಪುಡಿಯಂಥ ಕರಿ ಕೊಳೆ ಇದ್ದು ಮರಿ ತಲೆ ಕೊಡವುತ್ತಿದ್ದರೆ ಅದು ಕಿವಿ ನುಸಿ ಇರಬಹುದು. ಕಡ್ಡಿ ಹಾಕಿ ಕೆದಕಬೇಡಿ, ವೈದ್ಯರಿಗೆ ತೋರಿಸಿ.

ಇವನ್ನು ಮುಟ್ಟಲೇಬೇಡಿ

1. ದನದ ಉಣ್ಣೆ ಔಷಧಿ, ನಾಯಿಯ ಚಿಗಟದ ಹನಿ: ಸೈಪರ್‌ಮೆಥ್ರಿನ್, ಡೆಲ್ಟಾಮೆಥ್ರಿನ್, ಪರ್ಮೆಥ್ರಿನ್, ಅಮಿಟ್ರಾಜ್ ಇವೆಲ್ಲ ಬೆಕ್ಕಿಗೆ ವಿಷ. ನಾಯಿ ತಡೆದುಕೊಳ್ಳುವ ಪರ್ಮೆಥ್ರಿನ್ ಅನ್ನು ಬೆಕ್ಕಿನ ಲಿವರ್ ಬೇಗ ಒಡೆದು ಹೊರಹಾಕಲಾರದು. ಜೊಲ್ಲು, ನಡುಕ, ಫಿಟ್ಸ್ ಬರುತ್ತೆ.

2. ದನದ ಐವರ್‌ಮೆಕ್ಟಿನ್ ಇಂಜೆಕ್ಷನ್: ಇದರ ಲೆಕ್ಕ ನೋಡಿ. ದನಕ್ಕೆ 50 ಕೆ.ಜಿ. ತೂಕಕ್ಕೆ 1 ಮಿ.ಲೀ. ಅದೇ ಲೆಕ್ಕದಲ್ಲಿ 400 ಗ್ರಾಂ ಮರಿಗೆ 0.008 ಮಿ.ಲೀ. ಒಂದು ಹನಿ ಅಂದರೆ ಸುಮಾರು 0.05 ಮಿ.ಲೀ. ಅಂದರೆ "ಒಂದೇ ಒಂದು ಹನಿ" ಅಂದುಕೊಂಡು ಹಾಕಿದ್ದು ಆರು ಪಟ್ಟು ಆಗುತ್ತೆ. ಮೇಲಾಗಿ ಎಳೆ ಮರಿಗಳು ಇದಕ್ಕೆ ಇನ್ನೂ ಸೂಕ್ಷ್ಮ.

3. ಬೆಳೆಗೆ ಹೊಡೆಯುವ ಫಿಪ್ರೋನಿಲ್: ಬೆಕ್ಕಿನ ಚಿಗಟದ ಔಷಧಿಯಲ್ಲೂ ಇದೇ ಹೆಸರಿರುತ್ತೆ. ಹೆಸರು ಒಂದೇ ಆದರೂ ಬೆಳೆ ಔಷಧಿಯ ಸಾಂದ್ರತೆ, ಅದರಲ್ಲಿರುವ ಬೇರೆ ರಾಸಾಯನಿಕ ಎಲ್ಲಾ ಬೇರೆ. ಬೆಕ್ಕಿಗೆ ಅಂತಲೇ ಬರೆದಿರುವುದನ್ನು ಮಾತ್ರ, ವಯಸ್ಸು ಮತ್ತು ತೂಕ ಓದಿ ಹಾಕಿ.

4. "ನ್ಯಾಚುರಲ್" ಮದ್ದು: ಇದನ್ನು ಸಾವಯವದವನಾಗಿಯೇ ಹೇಳ್ತೀನಿ. ಬೇವಿನೆಣ್ಣೆ, ನೀಲಗಿರಿ ಎಣ್ಣೆ, ಕರ್ಪೂರ, ಬೆಳ್ಳುಳ್ಳಿ ರಸ ಗಿಡಕ್ಕೆ ಒಳ್ಳೇದಿರಬಹುದು, ಮರಿಗೆ ಅಲ್ಲ. ಮೈಗೆ ಹಚ್ಚಿದ್ದೆಲ್ಲ ಬೆಕ್ಕು ನೆಕ್ಕಿ ಹೊಟ್ಟೆಗೆ ಹಾಕಿಕೊಳ್ಳುತ್ತೆ. ಗೂಡಿನ ಹತ್ತಿರ ಫಿನಾಯಿಲ್, ನುಸಿಗುಳಿಗೆಯೂ ಬೇಡ.

ಗೊತ್ತಿಲ್ಲದೆ ಯಾರಾದರೂ ಮೈಗೆ ಹಾಕಿಬಿಟ್ಟಿದ್ದರೆ, ಬೆಚ್ಚಗಿನ ನೀರು, ಪಾತ್ರೆ ಲಿಕ್ವಿಡ್‌ನಲ್ಲಿ ತೊಳೆದು ಒರೆಸಿ, ಔಷಧಿ ಬಾಟಲಿ ಸಮೇತ ಆಸ್ಪತ್ರೆಗೆ ಓಡಿ.

ತರಕಾರಿ ಮಡಿ ಮತ್ತು ಮನೆಯವರು

ದುಂಡುಹುಳು, ಕೊಕ್ಕೆಹುಳು ಮನುಷ್ಯರಿಗೂ, ಮುಖ್ಯವಾಗಿ ಮಣ್ಣಲ್ಲಿ ಆಡುವ ಮಕ್ಕಳಿಗೆ ಅಂಟಬಹುದು. ಬೆಕ್ಕಿನ ಹಿಕ್ಕೆಯಲ್ಲಿ ಬರುವ ಟಾಕ್ಸೊಪ್ಲಾಸ್ಮಾ ಎಂಬ ಪರಾವಲಂಬಿ ಗರ್ಭಿಣಿಯರ ಮಗುವಿಗೆ ಅಪಾಯ. ಅದು ಸೋಂಕು ತಗುಲಿಸಲು ಹಿಕ್ಕೆ ಬಿದ್ದ ಮೇಲೆ ಕನಿಷ್ಠ ಒಂದು ದಿನ ಬೇಕು. ಹಾಗಾಗಿ ದಿನಾ ತೆಗೆದು ಆಳವಾಗಿ ಹೂಳಿದರೆ ಅಪಾಯ ತುಂಬಾ ಕಡಿಮೆ. ಆ ಕೆಲಸ ಗರ್ಭಿಣಿಯರಿಗೆ ಬೇಡ. ಬೆಕ್ಕಿಗೆ ಮಡಿಯಿಂದ ದೂರ ಒಂದು ಮರಳಿನ ಟ್ರೇ ಇಡಿ. ಹಿಕ್ಕೆ ಎರೆಗೊಬ್ಬರದ ತೊಟ್ಟಿಗೆ ಹೋಗಬಾರದು. ಮರಿ ಮುಟ್ಟಿದ ಮೇಲೆ ಕೈ, ಅಡುಗೆಗೆ ಮುಂಚೆ ಸೊಪ್ಪು ಚೆನ್ನಾಗಿ ತೊಳೆಯಿರಿ.

ಕಾಯದೆ ಹೋಗಬೇಕಾದ ಹೊತ್ತು

ಒಸಡು ಗುಲಾಬಿ ಬಿಟ್ಟು ಬಿಳಿಚಿಕೊಂಡಿದ್ದರೆ, ಮರಿ ಹಾಲು ಬಿಟ್ಟರೆ, ಮೈ ತಣ್ಣಗಾದರೆ, ಭೇದಿಯಲ್ಲಿ ರಕ್ತ ಇದ್ದರೆ ನಾಳೆ ನೋಡೋಣ ಅನ್ನಬೇಡಿ. ಬಟ್ಟೆಯಲ್ಲಿ ಸುತ್ತಿ ಬೆಚ್ಚಗಿಟ್ಟು ಹತ್ತಿರದ ಪಶು ಚಿಕಿತ್ಸಾಲಯಕ್ಕೆ ಒಯ್ಯಿರಿ.

ಇವತ್ತು ಮಾಡೋಕೆ ಎರಡೇ ಕೆಲಸ: ಮರಿಗಳನ್ನು ತೂಗಿ, ಹುಟ್ಟಿದ ದಿನ ಲೆಕ್ಕ ಹಾಕಿ. ಈ ಎರಡು ಅಂಕಿ ಕೈಯಲ್ಲಿದ್ದರೆ ವೈದ್ಯರು ಫೋನಿನಲ್ಲೂ ನಿಮಗೆ ದಾರಿ ಹೇಳಬಲ್ಲರು. ಮುಂದಿನ ವಾರ ಸಿಗೋಣ.