ಕೊನೆಯ ಮೂರು ಕಿಲೋ ಯಾಕಿಷ್ಟು ಹಠ ಮಾಡುತ್ತವೆ?



ಕೆಲವು ವರ್ಷಗಳ ಹಿಂದೆ ನಮ್ಮ ಶುಕ್ರವಾರದ ಕೂಟಗಳಲ್ಲಿ ಗಂಡಸರು ಒಂದು ಮೂಲೆಯಲ್ಲಿ ಸೇರಿದರೆಂದರೆ ಮಾತು ಊರಿನ ಸೈಟು, ಷೇರು, ದಿನಾರಿನ ಬೆಲೆ ಇಷ್ಟರಲ್ಲೇ ಸುತ್ತುತ್ತಿತ್ತು. ಈಗ ಶುಗರ್ ಎಷ್ಟು, ಬಿಪಿ ಎಷ್ಟು, ತೂಕ ಎಷ್ಟು ಅನ್ನುವುದೇ ಮಾತು. ಅದರಲ್ಲೂ ನಾನು ಹೆಚ್ಚು ಕೇಳಿದ ದೂರು ಒಂದೇ: "ಮೊದಲ ಏಳು ಕಿಲೋ ಸಲೀಸಾಗಿ ಇಳಿಯಿತು ಮಾರಾಯ್ರೇ, ಕೊನೆಯ ಮೂರು ಮಾತ್ರ ಜಪ್ಪಯ್ಯ ಅಂದರೂ ಇಳಿಯುತ್ತಿಲ್ಲ." ನನ್ನದೂ ಅದೇ ಸ್ಥಿತಿಯಾದ್ದರಿಂದ, ಕೋಡ್ ಬರೆದು ಬದುಕುವವನ ಬುದ್ಧಿ ಹೋಗುವುದೆಲ್ಲಿಗೆ, ಎಕ್ಸೆಲ್ ಹಾಳೆ ತೆರೆದು ಕೂತೆ. ಆಗ ಕಂಡದ್ದನ್ನು ಇಲ್ಲಿ ಪಾಠದ ರೂಪದಲ್ಲಿ ಬರೆಯುತ್ತಿದ್ದೇನೆ. ನಾನು ವೈದ್ಯನಲ್ಲ, ಓದಿದ್ದು ಇಂಜಿನಿಯರಿಂಗ್. ಹಾಗಾಗಿ ಇದರಲ್ಲಿ ಲೆಕ್ಕ ಜಾಸ್ತಿ, ಉಪದೇಶ ಕಮ್ಮಿ.

ಮೊದಲು ನನ್ನ ಅಂಕಿಗಳು. ವಯಸ್ಸು 38, ಎತ್ತರ 172 ಸೆಂಟಿಮೀಟರ್, ಶುರುವಾದಾಗ ತೂಕ 84 ಕಿಲೋ. ಗುರಿ 74. ಐದು ತಿಂಗಳಲ್ಲಿ 77ಕ್ಕೆ ಬಂದು ಅಲ್ಲಿಯೇ ಠಿಕಾಣಿ. ಇದನ್ನೆಲ್ಲ ಚೆಂದ ಕಾಣಲಿಕ್ಕೆಂದು ಶುರು ಮಾಡಿದ್ದಲ್ಲ. ಶಿವಮೊಗ್ಗದಲ್ಲಿರುವ ನಮ್ಮ ತಂದೆಗೆ 45ರಲ್ಲಿ ಸಕ್ಕರೆ ಕಾಯಿಲೆ ಬಂತು, ಈಗ ಕಣ್ಣಿನ ದೃಷ್ಟಿ ಅರ್ಧಕ್ಕರ್ಧ ಹೋಗಿದೆ. ನನ್ನ ಎಚ್‌ಬಿಎ1ಸಿ 6.0 ಬಂದಾಗ (5.7ರಿಂದ 6.4ರವರೆಗೆ ಸಕ್ಕರೆ ಕಾಯಿಲೆಯ ಹೊಸ್ತಿಲು ಎನ್ನುತ್ತಾರೆ) ಮನೆಯಲ್ಲಿ ಯಾರಿಗೂ ಹೆಚ್ಚು ಹೇಳಬೇಕಾಗಲಿಲ್ಲ.

ಈಗ ಲೆಕ್ಕಕ್ಕೆ ಬರೋಣ. ಸುಮ್ಮನೆ ಮಲಗಿದ್ದರೂ ಮೈ ಎಷ್ಟು ಕ್ಯಾಲರಿ ಉರಿಸುತ್ತದೆ ಎಂದು ಅಂದಾಜು ಮಾಡಲು 1990ರಲ್ಲಿ ಪ್ರಕಟವಾದ ಮಿಫ್ಲಿನ್-ಸೇಂಟ್ ಜಿಯೋರ್ ಎಂಬ ಸೂತ್ರವಿದೆ. ತೂಕವನ್ನು 10ರಿಂದ ಗುಣಿಸಿ, ಅದಕ್ಕೆ ಎತ್ತರದ 6.25 ಪಟ್ಟು ಕೂಡಿಸಿ, ವಯಸ್ಸಿನ 5 ಪಟ್ಟು ಕಳೆಯಿರಿ. ಗಂಡಸಾದರೆ ಕೊನೆಗೆ 5 ಕೂಡಿಸಿ, ಹೆಂಗಸಾದರೆ 161 ಕಳೆಯಿರಿ. ನನ್ನಂತೆ ಮೇಜಿನ ಮುಂದೆ ಕೂರುವವರು ಬಂದ ಸಂಖ್ಯೆಯನ್ನು 1.4ರಿಂದ ಗುಣಿಸಿದರೆ ಇಡೀ ದಿನದ ಖರ್ಚು ಸುಮಾರಾಗಿ ಸಿಗುತ್ತದೆ. 84 ಕಿಲೋ ಇದ್ದಾಗ ನನ್ನ ಖರ್ಚು 2420 ಕ್ಯಾಲರಿ. 77 ಕಿಲೋದಲ್ಲಿ 2325. ನಾನು ತಿನ್ನುತ್ತಿದ್ದದ್ದು ಆಗಲೂ ಈಗಲೂ 1900.

ಬರೀ ನೂರು ಕ್ಯಾಲರಿ ವ್ಯತ್ಯಾಸ ತಾನೇ, ಅದಕ್ಕೇನು ಮಹಾ ಎನ್ನಬೇಡಿ. ಇನ್ನೊಂದು ಕಳ್ಳ ಇದ್ದಾನೆ. 1995ರಲ್ಲಿ ನ್ಯೂಯಾರ್ಕಿನ ಲೈಬೆಲ್, ರೋಸೆನ್‌ಬಾಮ್ ಮತ್ತು ಹಿರ್ಶ್ ಎಂಬ ಮೂವರು ತೋರಿಸಿಕೊಟ್ಟ ಸಂಗತಿ ಇದು: ತೂಕ ಇಳಿಸಿದವರ ದೇಹ, ಅವರ ಹೊಸ ತೂಕಕ್ಕೆ ಎಷ್ಟು ಬೇಕೋ ಅದಕ್ಕಿಂತಲೂ ಕಮ್ಮಿ ಖರ್ಚು ಮಾಡತೊಡಗುತ್ತದೆ. ಸಂಬಳ ಕಡಿಮೆಯಾದ ಮನೆಯವರು ಹೇಳದೆಯೇ ಲೈಟು, ಫ್ಯಾನು ಆರಿಸಿಕೊಂಡು ಓಡಾಡುತ್ತಾರಲ್ಲ, ಹಾಗೆ. ಇದರ ಸೂತ್ರಧಾರರಲ್ಲಿ ಒಂದು ಲೆಪ್ಟಿನ್ ಎಂಬ ಹಾರ್ಮೋನು. ಇದನ್ನು 1994ರಲ್ಲಿ ಜೆಫ್ರಿ ಫ್ರೀಡ್‌ಮನ್ ತಂಡ ಕಂಡುಹಿಡಿಯಿತು. ಕೊಬ್ಬಿನ ಕೋಶಗಳೇ ಇದನ್ನು ತಯಾರಿಸುತ್ತವೆ. ಕೊಬ್ಬು ಕರಗಿದ ಹಾಗೆ ಲೆಪ್ಟಿನ್ ಇಳಿಯುತ್ತದೆ, ಮಿದುಳು "ಬರಗಾಲ ಬಂತು" ಎಂದು ತಿಳಿದು ಹಸಿವನ್ನು ಏರಿಸುತ್ತದೆ, ಖರ್ಚನ್ನು ಇಳಿಸುತ್ತದೆ. 2011ರಲ್ಲಿ ಮೆಲ್ಬರ್ನಿನ ಸಂಶೋಧಕರು ನೋಡಿದಾಗ, ತೂಕ ಇಳಿಸಿ ಒಂದು ವರ್ಷವಾದ ಮೇಲೂ ಹಸಿವಿನ ಹಾರ್ಮೋನುಗಳು ಹಳೆಯ ಮಟ್ಟಕ್ಕೆ ಮರಳಿರಲಿಲ್ಲ. ಆದ್ದರಿಂದ ಈ ಹಂತದಲ್ಲಿ ಮೊದಲಿಗಿಂತ ಹೆಚ್ಚು ಹಸಿವಾಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಿ. ಅದು ಮನಸ್ಸು ಗಟ್ಟಿಯಿಲ್ಲದ ಲಕ್ಷಣ ಅಲ್ಲ.

ಈ ಉಳಿತಾಯವನ್ನು ದಿನಕ್ಕೆ 100 ಕ್ಯಾಲರಿ ಎಂದು ಹಿಡಿಯೋಣ. ಶುರುವಿನಲ್ಲಿ ನನಗೆ ವಾರಕ್ಕೆ 3650 ಕ್ಯಾಲರಿ ಕೊರತೆ ಬೀಳುತ್ತಿತ್ತು. ಈಗ ಬೀಳುವುದು 2270. ಒಂದು ಕಿಲೋ ಕೊಬ್ಬಿಗೆ ಸುಮಾರು 7700 ಕ್ಯಾಲರಿ ಎಂಬ ಹಳೆಯ ಲೆಕ್ಕದಂತೆ ಆಗ ವಾರಕ್ಕೆ 470 ಗ್ರಾಂ ಇಳಿಯಬೇಕು, ಈಗ 295 ಗ್ರಾಂ. ನಿಧಾನವಾದರೂ ಇಳಿಯಲೇಬೇಕಲ್ಲ? ಇಲ್ಲಿಯೇ ನಮ್ಮ ಶುಕ್ರವಾರ ಬರುತ್ತದೆ ನೋಡಿ.

ವಾರವಿಡೀ ಅಚ್ಚುಕಟ್ಟಾಗಿದ್ದು ಶುಕ್ರವಾರ ಯಾರದೋ ಮನೆಯ ಊಟ ಎಂದಿಟ್ಟುಕೊಳ್ಳಿ. ಬಿಸಿಬೇಳೆ ಬಾತು, ಬೋಂಡ, ತುಪ್ಪ ಹಾಕಿದ ಎರಡು ಹೋಳಿಗೆ. ಕರಾವಳಿಯವರ ಮನೆಯಾದರೆ ಕೋರಿ ರೊಟ್ಟಿ, ಅದರ ಮೇಲೊಂದು ಪಾಯಸ. ದಿನದ ಲೆಕ್ಕಕ್ಕಿಂತ 1500 ಕ್ಯಾಲರಿ ಹೆಚ್ಚಾಗುವುದು ಏನೂ ಕಷ್ಟವಲ್ಲ. ಮೊದಲ ತಿಂಗಳಲ್ಲಿ ಈ 1500 ಹೋದರೂ 2150 ಉಳಿಯುತ್ತಿತ್ತು, ವಾರಕ್ಕೆ 280 ಗ್ರಾಂ ಇಳಿಯುತ್ತಿತ್ತು. ಈಗ ಅದೇ ಊಟ, ಅದೇ ಹೋಳಿಗೆ, ಆದರೆ ಉಳಿಯುವುದು 770 ಮಾತ್ರ, ಅಂದರೆ 100 ಗ್ರಾಂ. ಊಟ ಬದಲಾಗಿಲ್ಲ, ಅದನ್ನು ತಡೆದುಕೊಳ್ಳುವ ಅಂಚು ಸಣ್ಣದಾಗಿದೆ. "ಮೊದಲೂ ಹೀಗೇ ತಿನ್ನುತ್ತಿದ್ದೆ, ಆಗ ಇಳಿಯುತ್ತಿತ್ತು" ಎನ್ನುವವರ ಒಗಟಿಗೆ ಉತ್ತರ ಇದೇ ಎಂದು ನನ್ನ ಭಾವನೆ.

ಅಕ್ಕ ತಂಗಿಯರ ಲೆಕ್ಕ ಇನ್ನೂ ಬಿಗಿ. 155 ಸೆಂಟಿಮೀಟರ್ ಎತ್ತರ, 62 ಕಿಲೋ ತೂಕ, 36 ವರ್ಷ ಎಂದರೆ ದಿನದ ಖರ್ಚೇ ಸುಮಾರು 1750. 1400 ತಿಂದು, ದೇಹದ ಉಳಿತಾಯವನ್ನೂ ಕಳೆದರೆ ವಾರಕ್ಕೆ ಉಳಿಯುವ ಕೊರತೆ 1750. ಒಂದೇ ಒಂದು ಶುಕ್ರವಾರ ಅದನ್ನು ಹೆಚ್ಚುಕಮ್ಮಿ ಪೂರ್ತಿ ನುಂಗುತ್ತದೆ. ಗಂಡನ ಜತೆ ಪೈಪೋಟಿಗೆ ಇಳಿದು "ಅವರಿಗೆ ಇಳಿಯಿತು ನನಗೆ ಇಳಿಯಲಿಲ್ಲ" ಎಂದು ಬೇಸರ ಮಾಡಿಕೊಳ್ಳುವುದು ಶುದ್ಧ ಅನ್ಯಾಯದ ಹೋಲಿಕೆ. ಗಂಡಂದಿರು ದಯವಿಟ್ಟು ಈ ಸಾಲನ್ನು ಎರಡು ಸಲ ಓದಬೇಕು.

ಇನ್ನು ವಾರಕ್ಕೆ 100 ಗ್ರಾಂ ಇಳಿದರೆ ನಮ್ಮ ತಕ್ಕಡಿಗೆ ಗೊತ್ತಾಗುತ್ತದೆಯೇ? ಇಲ್ಲ. ದೇಹದ ನೀರು ದಿನದಿಂದ ದಿನಕ್ಕೆ ಒಂದು ಕಿಲೋ ಆಚೀಚೆ ಆಗುವುದು ಸಾಮಾನ್ಯ. ಸ್ನಾಯುಗಳಲ್ಲಿ ಶೇಖರವಾಗುವ ಪ್ರತಿ ಗ್ರಾಂ ಗ್ಲೈಕೋಜನ್ ತನ್ನ ಜತೆ ಸುಮಾರು 3 ಗ್ರಾಂ ನೀರನ್ನು ಹಿಡಿದಿಡುತ್ತದೆ. ಉಪ್ಪಿನಕಾಯಿ, ಹಪ್ಪಳ ಜಾಸ್ತಿಯಾದ ಮರುದಿನ ಇನ್ನಷ್ಟು. ಜುಲೈನಲ್ಲಿ ಕಾರು ನಿಲ್ಲಿಸಿ ಹತ್ತು ನಿಮಿಷ ನಡೆದು ಬಂದು ತಕ್ಕಡಿ ಹತ್ತಿದರೆ ತೂಕ ಇಳಿದಂತೆ ಕಾಣುತ್ತದೆ, ಅದು ಬರೀ ಬೆವರು. (2016ರ ಜುಲೈ 21ರಂದು ನಮ್ಮ ಮಿತ್ರಿಬಾದಲ್ಲಿ 53.9 ಡಿಗ್ರಿ ದಾಖಲಾದದ್ದನ್ನು ವಿಶ್ವ ಹವಾಮಾನ ಸಂಸ್ಥೆಯೇ ಒಪ್ಪಿಕೊಂಡಿದೆ. ಇಲ್ಲಿ ಬೆವರಿಗೇನು ಬರ!) ಸಿಗ್ನಲ್ ಸಣ್ಣದು, ಗದ್ದಲ ದೊಡ್ಡದು.

ಇದಕ್ಕೆ ನಮ್ಮ ವೃತ್ತಿಯವನೇ ಒಬ್ಬ ದಾರಿ ಹೇಳಿದ್ದಾನೆ. ಆಟೋಡೆಸ್ಕ್ ಕಂಪನಿಯ ಸ್ಥಾಪಕರಲ್ಲೊಬ್ಬನಾದ, 2024ರಲ್ಲಿ ತೀರಿಕೊಂಡ ಜಾನ್ ವಾಕರ್ 1991ರಲ್ಲಿ 'ದಿ ಹ್ಯಾಕರ್ಸ್ ಡಯಟ್' ಎಂಬ ಪುಸ್ತಕ ಬರೆದ. ಅದರ ಜೀವಾಳ ಒಂದೇ: ದಿನಾ ಬೆಳಿಗ್ಗೆ ತೂಗಿ, ಆದರೆ ಆ ದಿನದ ಸಂಖ್ಯೆಯನ್ನು ನಂಬಬೇಡಿ, ಸರಾಸರಿಯ ಗೆರೆಯನ್ನು ನೋಡಿ. ನಿನ್ನೆಯ ಗೆರೆ 77.4 ಇದ್ದು ಇವತ್ತಿನ ತೂಕ 76.4 ಬಂದರೆ, ವ್ಯತ್ಯಾಸದ ಹತ್ತನೇ ಒಂದು ಭಾಗ ಮಾತ್ರ ಕಳೆಯಿರಿ. ಹೊಸ ಗೆರೆ 77.3. ಎಕ್ಸೆಲ್ಲಿನಲ್ಲಿ ಒಂದೇ ಸಾಲಿನ ಸೂತ್ರ. ನನ್ನ ಗೆರೆ ಕಳೆದ ಆರು ವಾರಗಳಲ್ಲಿ 700 ಗ್ರಾಂ ಇಳಿದಿತ್ತು. ಬರಿಗಣ್ಣಿಗೆ "ನಿಂತೇಹೋಗಿದೆ" ಎನಿಸುತ್ತಿತ್ತು.

ಗೆರೆಯೂ ಮಲಗಿದ್ದರೆ? ಆಗ ಅಡುಗೆಮನೆಗೆ ಹೋಗಬೇಕು. 1992ರಲ್ಲಿ ಅಮೆರಿಕದಲ್ಲಿ, "ನಾವು ಕಮ್ಮಿ ತಿಂದರೂ ಇಳಿಯುವುದಿಲ್ಲ" ಎನ್ನುವವರನ್ನೇ ಆರಿಸಿ ಅಳೆದು ನೋಡಿದ ಪ್ರಸಿದ್ಧ ಅಧ್ಯಯನವೊಂದಿದೆ. ಅವರು ನಿಜಕ್ಕೂ ತಿಂದದ್ದರಲ್ಲಿ ಸರಾಸರಿ ಶೇಕಡಾ 47ರಷ್ಟು ಲೆಕ್ಕಕ್ಕೇ ಬಂದಿರಲಿಲ್ಲ. ಸುಳ್ಳು ಹೇಳಿದ್ದಲ್ಲ, ಕಣ್ಣಂದಾಜಿನ ಹಣೆಬರಹವೇ ಅಷ್ಟು. ನಮ್ಮ ಅಡುಗೆಯಲ್ಲಿ ಈ ಅಂದಾಜು ತಪ್ಪಿಸುವುದು ಮುಖ್ಯವಾಗಿ ಎಣ್ಣೆ. ಗಂಡ, ಹೆಂಡತಿ, ಒಂದು ಮಗು ಇರುವ ಮನೆಗೆ ಜಮೀಯಾದಿಂದ ತಂದ 5 ಲೀಟರ್ ಎಣ್ಣೆಯ ಕ್ಯಾನು ಒಂದು ತಿಂಗಳಿಗೆ ಮುಗಿಯುತ್ತದೆ ಎಂದುಕೊಳ್ಳಿ. 4600 ಗ್ರಾಂ, ಗ್ರಾಮಿಗೆ 9 ಕ್ಯಾಲರಿ, ಮೂವರಿಗೆ ಹಂಚಿದರೆ ತಲೆಗೆ ದಿನಕ್ಕೆ 51 ಗ್ರಾಂ, 460 ಕ್ಯಾಲರಿ. ಒಗ್ಗರಣೆಗೆ ಬಾಟಲಿಯಿಂದ ಸುರಿಯುವ ಬದಲು ಚಮಚದಲ್ಲಿ ಹಾಕಿ ಅದೇ ಕ್ಯಾನನ್ನು ಒಂದೂವರೆ ತಿಂಗಳು ಎಳೆದರೆ ದಿನಕ್ಕೆ 150 ಕ್ಯಾಲರಿ ಉಳಿಯಿತು. ಸಾರು, ಪಲ್ಯ, ಚಿತ್ರಾನ್ನ ಯಾವುದನ್ನೂ ಬಿಡಬೇಕಾಗಿಲ್ಲ.

ಅಂದ ಹಾಗೆ ರಾಗಿಯ ಬಗ್ಗೆ ಒಂದು ಮಾತು. ಮುದ್ದೆ ತಿಂದರೆ ತೂಕ ತಾನಾಗಿಯೇ ಇಳಿಯುತ್ತದೆ ಎಂಬ ನಂಬಿಕೆ ನಮ್ಮಲ್ಲಿದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಪಟ್ಟಿಯಲ್ಲಿ 100 ಗ್ರಾಂ ರಾಗಿಗೆ ಸುಮಾರು 320 ಕ್ಯಾಲರಿ, ಅಕ್ಕಿಗೆ 355ರ ಆಸುಪಾಸು. ದೊಡ್ಡ ಅಂತರವೇನಲ್ಲ. ಆದರೆ ನಾರಿನ ಅಂಶ ರಾಗಿಯಲ್ಲಿ 11 ಗ್ರಾಂ, ಅಕ್ಕಿಯಲ್ಲಿ 3 ಗ್ರಾಮಿಗೂ ಕಮ್ಮಿ. ಹೊಟ್ಟೆ ತುಂಬಿದ ಭಾವ ಬರುವುದು ಅದರಿಂದ. ಎರಡು ಮುದ್ದೆ ಮುರಿದು ಮೇಲೆ ಅನ್ನವನ್ನೂ ಕಲಸಿದರೆ ರಾಗಿಯಾದರೂ ಏನು ಮಾಡೀತು ಪಾಪ!

ನಡಿಗೆಯ ವಿಷಯ ಬೇಗ ಮುಗಿಸುತ್ತೇನೆ. ತೂಕ ಇಳಿಯುತ್ತಿರುವಾಗ ನಮಗೆ ಗೊತ್ತಿಲ್ಲದಂತೆ ಓಡಾಟ ಕಡಿಮೆಯಾಗುತ್ತದೆ. ಕುವೈತಿನ ಬೇಸಿಗೆಯಲ್ಲಿ ಮನೆ, ಲಿಫ್ಟು, ಕಾರು, ಆಫೀಸು ಎಂದು ಅದು ಇನ್ನೂ ಕಡಿಮೆ. ನವೆಂಬರಿನಿಂದ ಮಾರ್ಚಿನವರೆಗೆ ಗಲ್ಫ್ ರಸ್ತೆಯ ಸಮುದ್ರ ದಂಡೆ, ಶಹೀದ್ ಪಾರ್ಕ್ ಇವೆ. ಉಳಿದ ತಿಂಗಳುಗಳಲ್ಲಿ ಅವೆನ್ಯೂಸ್‌ನಂಥ ಮಾಲುಗಳೇ ಗತಿ. ಬೆಳಿಗ್ಗೆ ಅಂಗಡಿ ತೆರೆಯುವ ಮುಂಚೆ ಹೋದರೆ ಜೇಬಿಗೂ ಕ್ಷೇಮ. ಜತೆಗೆ ವಾರಕ್ಕೆರಡು ಸಲ ಭಾರ ಎತ್ತುವ ವ್ಯಾಯಾಮ, ಪ್ರತಿ ಊಟಕ್ಕೂ ಬೇಳೆ, ಮೊಟ್ಟೆ, ಮೀನು, ಮೊಸರು ಇವುಗಳಲ್ಲೊಂದು ಇರಲಿ. ಬರೀ ಊಟ ಬಿಟ್ಟು ಇಳಿಸಿದ ತೂಕದಲ್ಲಿ ಸುಮಾರು ಕಾಲು ಭಾಗ ಸ್ನಾಯುವೇ ಹೋಗಿರಬಹುದು, ಅದು ನಷ್ಟದ ಬಾಬ್ತು.

ಈ ಮೂರು ಕಿಲೋಗೆ ಇಷ್ಟು ಒದ್ದಾಡಬೇಕೇ ಎಂಬುದು ನ್ಯಾಯವಾದ ಪ್ರಶ್ನೆ. 2002ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನದಲ್ಲಿ ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದವರಿಗೆ ಕೊಟ್ಟ ಗುರಿ ಶೇಕಡಾ 7ರಷ್ಟು ತೂಕ ಇಳಿಕೆ ಮತ್ತು ವಾರಕ್ಕೆ 150 ನಿಮಿಷ ವ್ಯಾಯಾಮ. ಕಾಯಿಲೆಯ ಅಪಾಯ ಶೇಕಡಾ 58ರಷ್ಟು ಕಡಿಮೆಯಾಯಿತು. 84ರ ಶೇಕಡಾ 7 ಅಂದರೆ 6 ಕಿಲೋ, ಅದನ್ನು ನಾನು ದಾಟಿಯಾಗಿದೆ. ಚೆನ್ನೈನ ಡಾ. ರಾಮಚಂದ್ರನ್ ಅವರ ತಂಡ 2006ರಲ್ಲಿ ಪ್ರಕಟಿಸಿದ್ದು ಇನ್ನೂ ಕುತೂಹಲದ್ದು. 531 ಜನ ಭಾರತೀಯರಲ್ಲಿ ಊಟ ಮತ್ತು ನಡಿಗೆ ತಿದ್ದಿಕೊಂಡವರಿಗೆ ಅಪಾಯ ಶೇಕಡಾ 28.5ರಷ್ಟು ತಗ್ಗಿತು, ತೂಕ ಮಾತ್ರ ಹೇಳಿಕೊಳ್ಳುವಷ್ಟು ಇಳಿದಿರಲಿಲ್ಲ!

ಹಾಗೆಂದು ಸುಮ್ಮನಿರುವ ಹಾಗೂ ಇಲ್ಲ. ಪುಣೆಯ ಡಾ. ಚಿತ್ತರಂಜನ್ ಯಾಜ್ಞಿಕ್ 2004ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ತಮ್ಮದೂ ತಮ್ಮ ಸ್ನೇಹಿತ ಜಾನ್ ಯುಡ್ಕಿನ್ ಅವರದೂ ಫೋಟೋ ಹಾಕಿದರು. ಇಬ್ಬರ ಬಿಎಂಐ 22.3. ಆದರೆ ಇಂಗ್ಲಿಷರವನ ಮೈಯಲ್ಲಿ ಕೊಬ್ಬು ಶೇಕಡಾ 9.1, ನಮ್ಮವರ ಮೈಯಲ್ಲಿ 21.2. ನಮ್ಮ ಕೊಬ್ಬು ಕೂರುವುದು ಹೊಟ್ಟೆಯಲ್ಲಿ. ಅದಕ್ಕೇ ಭಾರತೀಯರಿಗೆ ಬಿಎಂಐ 23ಕ್ಕೇ ಎಚ್ಚರಿಕೆ, ಸೊಂಟದ ಸುತ್ತಳತೆ ಗಂಡಸರಿಗೆ 90, ಹೆಂಗಸರಿಗೆ 80 ಸೆಂಟಿಮೀಟರ್ ಮಿತಿ. ನನ್ನದು 98ರಿಂದ 92ಕ್ಕೆ ಬಂದಿದೆ, ಎಚ್‌ಬಿಎ1ಸಿ 5.8. ಈಗ ನಾನು ತಕ್ಕಡಿಗಿಂತ ಟೇಪಿಗೆ ಹೆಚ್ಚು ಬೆಲೆ ಕೊಡುತ್ತೇನೆ. ಗುರಿ ಇನ್ನೆರಡು ಸೆಂಟಿಮೀಟರ್.

ಇನ್ನು ಬೇಸಿಗೆ ರಜೆ. ಊರಿಗೆ ಹೋಗುವ ಆ ಒಂದು ತಿಂಗಳು ಇಳಿಸುವ ಆಸೆ ಬಿಟ್ಟು, ಇದ್ದಷ್ಟನ್ನೇ ಕಾಪಾಡಿಕೊಳ್ಳುವುದು ಎಂದು ನಾವಿಬ್ಬರೂ ತೀರ್ಮಾನಿಸಿದ್ದೇವೆ. ಬಾಗಿಲಲ್ಲೇ ಅಮ್ಮ "ಅಯ್ಯೋ, ಎಷ್ಟು ಸೊರಗಿ ಹೋಗಿದ್ದೀಯೋ" ಎಂದು ಎರಡನೇ ದೋಸೆಗೆ ಬೆಣ್ಣೆ ಹಾಕುವಾಗ ಎಕ್ಸೆಲ್ ಹಾಳೆ ತೋರಿಸಿ ಪ್ರಯೋಜನವಿಲ್ಲ. ಅಪ್ಪನ ಜತೆ ಬೆಳಿಗ್ಗೆ ಒಂದು ಗಂಟೆ ನಡೆಯಬಹುದು. ಅವರಿಗೆ ಕೈ ಹಿಡಿಯುವವರು ಬೇಕು.

ಒಂದು ಎಚ್ಚರಿಕೆ: ಈಗಾಗಲೇ ಸಕ್ಕರೆ ಕಾಯಿಲೆಯ ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುತ್ತಿರುವವರು ಈ ಲೆಕ್ಕ ನೋಡಿ ಊಟ ಕಡಿಮೆ ಮಾಡಬೇಡಿ, ಸಕ್ಕರೆ ತೀರಾ ಕೆಳಗಿಳಿಯುವ ಅಪಾಯವಿದೆ. ತೂಕ ಇಳಿಸುವ ಇಂಜೆಕ್ಷನ್ನುಗಳ ಬಗ್ಗೆ ನನ್ನನ್ನು ಕೇಳಿದವರಿಗೂ ಅದೇ ಮಾತು, ಮೊದಲು ನಿಮ್ಮ ಡಾಕ್ಟರರನ್ನು ಕೇಳಿ. ಎಕ್ಸೆಲ್ ಹಾಳೆ ಬೇಕಾದವರು ಮುಂದಿನ ಕೂಟದಲ್ಲಿ ನನ್ನನ್ನು ಹಿಡಿಯಿರಿ, ಊಟಕ್ಕೆ ಮುಂಚೆ ಆದರೆ ಒಳ್ಳೆಯದು.