ವಿಜಯಪುರದಿಂದ ಕಾರವಾರಕ್ಕೆ, ಕಡಲ ಮೀನು ನೋಡಲು

ವಿಜಯಪುರ, ತಿಕೋಟಾ, ಬಬಲೇಶ್ವರ ಕಡೆಯ ಮಕ್ಕಳಿಗೆ ಮೀನೆಂದರೆ ಆಲಮಟ್ಟಿ ಹಿನ್ನೀರಿನ ಕಾಟ್ಲಾ, ರೋಹು. ಕಡಲ ಮೀನು ತೋರಿಸಬೇಕೆಂದರೆ ಕಾರವಾರದ ಮತ್ಸ್ಯಾಲಯಕ್ಕೆ ಹೋಗಿ. ಸುಮಾರು 350 ಕಿ.ಮೀ. ದಾರಿ. ವಿಜಯಪುರದಲ್ಲಿ ರಾಷ್ಟ್ರೀಯ ಹೆದ್ದಾರಿ 52 ಹಿಡಿದರೆ ಅಂಕೋಲಾದವರೆಗೂ ಅದೇ ರಸ್ತೆ. ಅಲ್ಲಿ ಬಲಕ್ಕೆ ಹೊರಳಿ 66ನ್ನು ಸೇರಬೇಕು. ಕೊಲ್ಹಾರದಲ್ಲಿ ಗಡಿಗೆ ಮೊಸರು ಕೊಳ್ಳದೆ ಮುಂದೆ ಹೋಗುವುದು ನಿಮಗೆ ಬಿಟ್ಟದ್ದು. ರೈಲಿಗೆ ಹೋಗುವವರು ಹುಬ್ಬಳ್ಳಿಯಲ್ಲಿ ಇಳಿದು ಬಸ್ ಹತ್ತಬೇಕು. ಹುಬ್ಬಳ್ಳಿ–ಅಂಕೋಲಾ ರೈಲು ಮಾರ್ಗ ದಶಕಗಳಿಂದ ಮಾತಿನಲ್ಲೇ ಇದೆ.

ಮಳೆಗಾಲ ಬೇಡ. ಅರಬೈಲ್ ಘಟ್ಟದಲ್ಲಿ ಗುಡ್ಡ ಕುಸಿಯುವ ಭಯ. ಜೂನ್, ಜುಲೈನಲ್ಲಿ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೂ ನಿಷೇಧ. ನವೆಂಬರ್‌ನಿಂದ ಫೆಬ್ರುವರಿವರೆಗೆ ಹದ.

ಮತ್ಸ್ಯಾಲಯ ಇರುವುದು ಟಾಗೋರ್ ಕಡಲತೀರದಲ್ಲಿ, ಚಪಲ್ ಯುದ್ಧನೌಕೆ ಸಂಗ್ರಹಾಲಯದ ಬಳಿ. ಚಿಕ್ಕದು, ಅರ್ಧ ಗಂಟೆ ಸಾಕು. ದುರಸ್ತಿಗೆಂದು ಬಾಗಿಲು ಹಾಕಿದ್ದರೆ ಮಕ್ಕಳ ಮುಖ ನೋಡಲಾಗದು, ಹೊರಡುವ ಮುನ್ನ ವಿಚಾರಿಸಿಕೊಳ್ಳಿ. ಒಳಗೆ ಗಾಜು ತಟ್ಟಬೇಡಿ: ನೀರಿನಲ್ಲಿ ಸದ್ದು ಗಾಳಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ವೇಗವಾಗಿ ಹೋಗುತ್ತದೆ. ಬಾಯಿ ತೆರೆದು ಮುಚ್ಚುತ್ತಿದ್ದಂತೆ ಕಿವಿರಿನ ಮುಚ್ಚಳವೂ ಏಳುವುದನ್ನು ಮಕ್ಕಳಿಗೆ ತೋರಿಸಿ. ಮೀನು ಉಸಿರಾಡುವುದು ಹಾಗೆ. ಇನ್ನೊಂದು ಮಾತನ್ನೂ ಹೇಳಿ. ಹೊಳೆಯ ಮೀನು ನೀರು ಕುಡಿಯುವುದು ಇಲ್ಲವೆನ್ನುವಷ್ಟು ಕಡಿಮೆ. ಕಡಲ ಮೂಳೆಮೀನುಗಳು ಮಾತ್ರ ಉಪ್ಪುನೀರನ್ನೇ ಕುಡಿದು, ಹೆಚ್ಚಾದ ಉಪ್ಪನ್ನು ಬಹುಪಾಲು ಕಿವಿರಿನಿಂದ ಹೊರಹಾಕುತ್ತವೆ.

ಬರೀ ಮತ್ಸ್ಯಾಲಯಕ್ಕಾಗಿ ಅಷ್ಟು ದೂರ ಹೋಗುವುದು ದಂಡ. ಒಂದು ರಾತ್ರಿ ಉಳಿದು, ನಸುಕಿನಲ್ಲೇ ಬೈತಖೋಲ್ ಮೀನುಗಾರಿಕೆ ಬಂದರಿಗೆ ಹೋಗಿ. ದೋಣಿಯಿಂದ ಬುಟ್ಟಿಗಿಳಿಯುವ ಬಂಗಡೆಯ ನೀಲಿ-ಹಸಿರು ಬೆನ್ನಮೇಲಿನ ಗೀರುಗಳು ಆಗ ಇನ್ನೂ ಹೊಳೆಯುತ್ತಿರುತ್ತವೆ. ತಾರ್ಲಿ, ಇಸವಣ, ಸಿಗಡಿ ಎಲ್ಲವನ್ನೂ ಮೀನುಗಾರ ಹೆಂಗಸರೇ ಹೆಸರು ಹೇಳಿ ತೋರಿಸುತ್ತಾರೆ. ಹರಾಜಿನ ಗಡಿಬಿಡಿಯಲ್ಲಿ ಮಾತ್ರ ಅಡ್ಡ ಬರಬೇಡಿ. ನೆಲ ಜಾರುತ್ತದೆ, ಹಿಡಿತವಿರುವ ಚಪ್ಪಲಿ ಇರಲಿ.

ಶಾಲೆಯವರು ಗುಂಪಾಗಿ ಹೋಗುವುದಾದರೆ ಕೋಡಿಬಾಗದಲ್ಲಿರುವ ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗಕ್ಕೆ ಮೊದಲೇ ಪತ್ರ ಬರೆದು ಅನುಮತಿ ಕೇಳಿ ನೋಡಲಿ.

ಮೀನು ತಿನ್ನದವರು ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಳ್ಳಿ. ಕಡಲ ಗಾಳಿಗೆ ಖಡಕ್ ರೊಟ್ಟಿ ಬೇಗ ಮೆತ್ತಗಾಗುತ್ತದೆ, ಬಿಗಿ ಮುಚ್ಚಳದ ಡಬ್ಬಿಯಲ್ಲೇ ಒಯ್ಯಿರಿ.